ನೀರಿನಲ್ಲಿ ವಿಷವಿರಲಿಲ್ಲ

ಅಣ್ಣಾ,

ನಿನ್ನಂತೆ ಹೊರಗಿನಿಂದ ಬಂದವರು ಕುಡಿಯುವ ನೀರಿಗೆ ವಿಷ ಬೆರೆಸುತ್ತಾರೆಂದು ಬೀದಿಬೀದಿಯಲ್ಲಿ ಕೂಗಿ ಗೆದ್ದನಲ್ಲ, ಆ ನಾಯಕ ಇವತ್ತು ನಮ್ಮ ಪಂಪ್‌ಹೌಸಿಗೆ ಬಂದಿದ್ದ. ಹೊಸ ಮೋಟಾರಿನ ಉದ್ಘಾಟನೆ. ನಲ್ಲಿ ನೀರನ್ನೇ ಕೇಳಿ ಪಡೆದು ಗಟಗಟನೆ ಕುಡಿದ.

“ವಿಷದ ಭಯ ಇಲ್ವಾ ಸಾರ್?” ಅಂದೆ.

ನಕ್ಕು ನನ್ನ ಬೆನ್ನು ತಟ್ಟಿದ. “ಅದೆಲ್ಲ ಎಲೆಕ್ಷನ್ ಟೈಮಲ್ಲಿ ಆಡೋ ಮಾತು ಕಣಯ್ಯ. ನೀನೂ ನಂಬಿಬಿಟ್ಯಾ?”

ನಾನು ನಂಬಿರಲಿಲ್ಲ. ಒಡಹುಟ್ಟದಿದ್ದರೂ ನಿನ್ನನ್ನು ಅಣ್ಣಾ ಅನ್ನುತ್ತಾ, ಹತ್ತೊಂಬತ್ತು ವರ್ಷ ನಿನ್ನ ಜೊತೆ ಅದೇ ಟ್ಯಾಂಕಿಗೆ ಕ್ಲೋರಿನ್ ಹಾಕಿದವನು ನಾನು. ಆದರೂ ಎಲೆಕ್ಷನ್ನಿಗೆ ಮುಂಚಿನ ಆ ಬೆಳಿಗ್ಗೆ ಪಂಪ್‌ಹೌಸಿನ ಗೇಟಿನ ಮುಂದೆ ಜನ ಸೇರಿದಾಗ, ನೀನು ಲೋಟದಲ್ಲಿ ಅರ್ಧ ಕುಡಿದು, “ತಗೋ ತಮ್ಮಾ, ನೀನೂ ಕುಡಿ, ಇವರೆಲ್ಲ ನೋಡ್ಲಿ” ಎಂದು ಚಾಚಿದಾಗ, ನಾನು ಜನರ ಮುಖ ನೋಡಿದೆ. ಕೈ ಮೇಲೇಳಲಿಲ್ಲ. ಅದನ್ನು ಕಂಡದ್ದೇ ತಡ, ಮೊದಲ ಕಲ್ಲು ಬಂತು. ನಾನು ಓಡಿದೆ.

ಸಂಜೆ ಅತ್ತಿಗೆಯನ್ನು ಕಂಡು ನಾಯಕನ ಮಾತು ಹೇಳಿದೆ. ನಿನ್ನನ್ನು ಮಣ್ಣು ಮಾಡಿದ ಮೇಲೆ ಅವರ ಮನೆಗೆ ಕಾಲಿಟ್ಟದ್ದು ಇದೇ ಮೊದಲು. ಅವರು ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡರು.

“ಅವನ ಮಾತು ಬಿಡಪ್ಪ. ಆಸ್ಪತ್ರೆಲಿ ಮೂರು ದಿನವೂ ಇವರು ಕೇಳ್ತಿದ್ದದ್ದು ಒಂದೇ: ತಮ್ಮನಿಗೇನೂ ಏಟು ಬೀಳ್ಲಿಲ್ಲ ತಾನೆ, ಅಂತ.”