ಎಲೆಯ ಎಡಗಡೆ

ಕೊಳ್ಳೇಗಾಲ
12-5-1969

ಪ್ರೀತಿಯ ಅಣ್ಣಾ,

ನಿನಗೂ ಭಾಗ್ಯ ಅತ್ತಿಗೆಗೂ ನಿನ್ನ ತಂಗಿ ಅನಸೂಯಳ ನಮಸ್ಕಾರ. ಸೇಲಂ ಬಿಸಿಲಿಗೆ ನಿನ್ನ ಉಷ್ಣದ ಮೈ ಹೇಗಿದೆ? ಅತ್ತಿಗೆಗೆ ತಮಿಳು ಬಂತೋ, ಇಲ್ಲ ಇನ್ನೂ ಸೊಪ್ಪಿನವಳ ಹತ್ತಿರ ಕೈಸನ್ನೆಯಲ್ಲೇ ಚೌಕಾಸಿ ನಡೆಯುತ್ತಿದೆಯೋ? ಅವ್ವ ಚೆನ್ನಾಗಿದ್ದಾಳೆ. ನಾನು ಮೆಡಿಕಲ್ ಕಾಲೇಜಿನ ರಜಕ್ಕೆ ಮೈಸೂರಿನಿಂದ ಬಂದು ವಾರವಾಯಿತು. ಅಪ್ಪನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಅಪ್ಪ ಎಂಬ ಮಾತು ಕಂಡ ಕೂಡಲೇ ಕಾಗದ ಮಡಿಸಿಡುವಷ್ಟು ಕೋಪ ನಿನಗಿದೆ ಅಂತ ಗೊತ್ತು. ಮಡಿಸಬೇಡ, ನನ್ನಾಣೆ.

ಮಗಳು ಬಂದಳೆಂದು ಅವ್ವ ಮೊದಲ ದಿನ ಬಾಳೆ ಎಲೆ ಹಾಕಿ ಬಡಿಸಿದಳು. ಅಪ್ಪ ಕೂತವರೇ “ಎಲೇಗೆ ಉಪ್ಪೇ ಇಕ್ಕಿಲ್ವಲ್ಲೇ” ಎಂದು ರೇಗಿದರು. ಉಪ್ಪು ಎಂದಿನ ಹಾಗೆ ಎಲೆಯ ಎಡತುದಿಯಲ್ಲೇ ಇತ್ತು. ಪಕ್ಕದ ಕೋಸಂಬರಿ, ಉಪ್ಪಿನಕಾಯಿ ಯಾವುದನ್ನೂ ಮುಟ್ಟಲಿಲ್ಲ. ಬಲಗಡೆಯ ಅನ್ನ ಉಂಡು, ಎಡಗಡೆಯದನ್ನು ಹಾಗೇ ಬಿಟ್ಟು ಎದ್ದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು “ದಿನಾ ಇಂಗೇ ಕಣವ್ವ. ಮಗನ್ ಮ್ಯಾಲಿನ್ ಮುನ್ಸು ಅನ್ನದ್ ಮ್ಯಾಲೆ ತೀರುಸ್ಕತಾವ್ರೆ” ಅಂದಳು. ನಾನೂ ಹಾಗೇ ಅಂದುಕೊಂಡೆ. ನೀನು ಮನೆಯ ಮಗ್ಗ ಬಿಟ್ಟು ಸೇಲಂಗೆ ಹೋದದ್ದನ್ನು ಅಪ್ಪ ಇನ್ನೂ ನುಂಗಿಕೊಂಡಿಲ್ಲ, ಅವರ ಹಠ ನಮಗೆ ಹೊಸದೇ? ಬೆಳಿಗ್ಗೆ ವಿಭೂತಿ ಹಣೆಯ ಬಲಗಡೆಗೆ ಮಾತ್ರ ಇದ್ದದ್ದು ನೋಡಿ “ವಿಭೂತಿಗೂ ಬರ ಬಂತಾ ಅಪ್ಪಾ” ಎಂದು ತಮಾಷೆ ಬೇರೆ ಮಾಡಿದ್ದೆ. ಅವರು ಹಣೆ ಮುಟ್ಟಿ ನೋಡಿಕೊಂಡು ಮಗ್ಗದ ಕಡೆ ಹೋದರು.

ನಿನ್ನೆ ಮಗ್ಗದ ಹತ್ತಿರ ಹೋಗಿ ನಿಂತೆ. ಅಣ್ಣಾ, ಒಂದು ಎಳೆ ಕಡಿದರೆ ಲಾಳಿ ನಿಲ್ಲಿಸಿ ಗಂಟು ಹಾಕುವ ಅಪ್ಪ ತಾನೇ? ಸೀರೆಯ ಬಲ ಅಂಚು ದೇವರಿಗೆ ಉಡಿಸುವ ಹಾಗಿದೆ. ಎಡ ಅಂಚಿನಲ್ಲಿ ಎಳೆಗಳು ಕಡಿದು ಜೋತಾಡುತ್ತಿವೆ, ಬಟ್ಟೆಯಲ್ಲಿ ಸಂದು ಬಿದ್ದಿದೆ. ಅಪ್ಪ ಲಾಳಿ ಎಸೆಯುತ್ತಲೇ ಇದ್ದಾರೆ. ನಾನು ಹೇಳಿದರೆ “ಎಲ್ಲವ್ವಾ ಕಡ್ದಿರೋದು? ಸರಿಯಾಗೇ ಅದಲ್ಲಾ” ಅಂದರು. ಸುಳ್ಳು ಹೇಳುವ ಮುಖ ಅದಲ್ಲ.

ಈ ವರ್ಷ ನಮಗೆ ಮೆದುಳಿನ ಪಾಠ ಆಯಿತು ಅಂತ ಬರೆದಿದ್ದೆನಲ್ಲ. ಜಾಡಿಯಲ್ಲಿಟ್ಟ ಮೆದುಳನ್ನು ಕೈಗೆತ್ತಿಕೊಂಡು ನೋಡಿದ್ದೇನೆ. ಬಣ್ಣದ ಪೆನ್ಸಿಲಿನಲ್ಲಿ ನಾನು ಬರೆದ ಚಿತ್ರವನ್ನು ಮೇಷ್ಟ್ರು ಕ್ಲಾಸಿಗೆಲ್ಲಾ ತೋರಿಸಿದರು, ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ದಿನ ಅವರು ವಾರ್ಡಿನಿಂದ ಒಬ್ಬ ರೋಗಿಯನ್ನು ಕರೆಸಿದ್ದರು. ಮೆದುಳಿನ ಬಲಭಾಗಕ್ಕೆ ರಕ್ತ ಹೋಗುವುದು ನಿಂತು, ಅವನ ಲೋಕದಲ್ಲಿ ಎಡಗಡೆ ಎನ್ನುವುದೇ ಇಲ್ಲವಾಗಿತ್ತು. ಕಣ್ಣು ಚೆನ್ನಾಗಿದೆ, ಎಡಕ್ಕೆ ಇದ್ದದ್ದು ಮನಸ್ಸಿಗೆ ಬರುವುದಿಲ್ಲ. ಬರುತ್ತಿಲ್ಲ ಎನ್ನುವುದೂ ಅವನಿಗೆ ಗೊತ್ತಿಲ್ಲ. ಗಡಿಯಾರ ಬರೆ ಅಂದರೆ ಅಂಕಿಗಳನ್ನೆಲ್ಲಾ ಬಲಕ್ಕೇ ತುರುಕಿದ, ಎಡಗಡೆ ನಿಂತು ಕರೆದರೆ ಬಲಕ್ಕೇ ತಿರುಗಿದ. ನಾವೆಲ್ಲಾ ನಕ್ಕುಬಿಟ್ಟೆವು.

ಇವತ್ತು ಊಟಕ್ಕೆ ಕೂತಾಗ ಅಪ್ಪ ಮತ್ತೆ ಉಪ್ಪಿಲ್ಲವೆಂದರು. ನಾನು ಎಲೆಯನ್ನು ಹಾಗೇ ತಿರುಗಿಸಿಟ್ಟೆ, ಎಡತುದಿ ಬಲಕ್ಕೆ ಬಂತು. ಅಪ್ಪ ಅವ್ವನ ಕಡೆ ನೋಡಿ “ಈಗ ಇಕ್ದ್ಯಾ? ಬಾಯ್ಬುಟ್ಟು ಕೇಳ್ಬೇಕಾ ನಿನ್ನಾ?” ಎಂದು ಉಪ್ಪು ತೆಗೆದುಕೊಂಡು, ಕೋಸಂಬರಿಯನ್ನು ಆಸೆಯಿಂದ ತಿಂದರು. ಅವ್ವನಿಗೆ ನಗು ಬಂತು. ನಾನು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಪುಸ್ತಕದಲ್ಲಿರುವುದು ನಮ್ಮಪ್ಪನ ತಲೆಯೊಳಗೂ ಇರುತ್ತದೆ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ ಅಣ್ಣಾ.

ಆಮೇಲೆ ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಶಿವರಾತ್ರಿಯ ಮಾರನೇ ದಿನ ಅಪ್ಪನಿಗೆ ಮಗ್ಗದ ಗುಂಡಿಯಲ್ಲೇ ತಲೆ ಸುತ್ತಿತಂತೆ. ಉಪವಾಸದ ನಿಶ್ಶಕ್ತಿ ಎಂದು ಮಜ್ಜಿಗೆ ಕುಡಿಸಿ ಮಲಗಿಸಿದಳಂತೆ. ಅಂದರೆ ಯುಗಾದಿಗೆ ಮೊದಲೇ! ನೀನೇ ಬರೆದಿದ್ದೆಯಲ್ಲ, ಬಸ್ಸು ತಡವಾಗಿ, ಎಲ್ಲರೂ ಎಲೆಯ ಮುಂದೆ ಕೂತಿರುವಾಗ ನೀನು ಬಂದೆ ಅಂತ. ನಿನ್ನ ಜಾಗ ಚಿಕ್ಕಂದಿನಿಂದಲೂ ಅಪ್ಪನ ಎಡಕ್ಕೆ. ಅಲ್ಲೇ ಕೂತು “ಅಪ್ಪಾ” ಅಂದೆ. ಅಪ್ಪ ಬಲಕ್ಕೆ ತಿರುಗಿ ಅಲ್ಲಿ ಕೂತಿದ್ದ ದೊಡ್ಡಮಾದಪ್ಪ ಮಾವನಿಗೆ “ಏನ್ಲಾ?” ಅಂದರು. ಮಾವ ತಲೆ ತಗ್ಗಿಸಿದ. ನೀನು ಎದ್ದು ಹೋದೆ. ಅಪ್ಪ ತಾನಾಗಿ ನಿನ್ನ ಮುಖ ನೋಡುವ ತನಕ ಹೊಸಲು ತುಳಿಯುವುದಿಲ್ಲ ಅಂದೆ. ಅವತ್ತಿನಿಂದ ಅವ್ವ ಹೆದರಿ ಈ ಮನೆಯಲ್ಲಿ ನಿನ್ನ ಹೆಸರೇ ಎತ್ತುವುದಿಲ್ಲ. ಅಪ್ಪನೂ ಕೇಳುವುದಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಅವರನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಪೂರ್ತಿ ಸರಿಹೋಗುತ್ತದೆ ಅಂತ ನಿನಗೆ ಆಸೆ ಹುಟ್ಟಿಸಲಾರೆ, ಅಷ್ಟು ಕಲಿತಿಲ್ಲ. ಅತ್ತಿಗೆಗೂ ಇದನ್ನೆಲ್ಲಾ ಹೇಳು, ನೀನೂ ಮೈ ನೋಡಿಕೋ. ಬೆಟ್ಟದ ಮಾದಪ್ಪ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂಗಿ,
ಅನಸೂಯ

ಮರೆತೆ: ಕಾಗದ ಅಂಟಿಸುವಾಗ ಅಪ್ಪ ಬಂದು ಯಾರಿಗೆ ಅಂತ ಕೇಳಿದರು. ಅಣ್ಣನಿಗೆ ಅಂದೆ. ಒಳಗೆ ಅವ್ವ ಕೈಲಿದ್ದ ಕೆಲಸ ಬಿಟ್ಟು ನಿಂತಳು. ಅಪ್ಪ “ಯುಗಾದಿಗೂ ಬರ್ನಿಲ್ವಲ್ಲವ್ವಾ ಅವ್ನು. ಬತ್ತನೆ ಅಂತ ಬಾಗ್ಲನ್ನೇ ನೋಡ್ತಾ ಕುಂತಿದ್ದೆ” ಅಂದರು. ಅಣ್ಣಾ, ಬಂದುಬಿಡು. ಬಂದವನು ಅಪ್ಪನ ಬಲಕ್ಕೆ ಕೂತುಕೋ.