ಸೋಮವಾರ ಪಾಠ ಹೇಳುವ ಹುಡುಗಿ

ಸೇಂಟ್ ಥಾಮಸ್, ಜಮೈಕಾ
ಮಾರ್ಚ್ 12, ಗುರುವಾರ

ಪ್ರೀತಿಯ ಡಲ್ಸಿ,

ಸೊಂಟನೋವು ಹೇಗಿದೆ? ಎದುರಿಗೆ ಬಂದರೆ ನೀನು ನಗಿಸಿ ಕಳಿಸಿಬಿಡುತ್ತೀಯ. ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಗಳ ಕೈಲಿ ಓದಿಸಬೇಡ, ನೀನೇ ಓದು.

ನಾವಿಬ್ಬರೂ ಒಂದೇ ಬೆಂಚಿನಲ್ಲಿದ್ದಾಗ, ನಿನ್ನ ಮಗಳು ಟಷೀನಾಳ ಹಾಗೆ, ನೀನೂ ಶುಕ್ರವಾರ ಶಾಲೆಗೆ ಬರುತ್ತಿರಲಿಲ್ಲ. ಗುರುವಾರ ಸಂಜೆಯೇ ನಿಮ್ಮಮ್ಮನ ಜೊತೆ ಲಾರಿ ಹತ್ತಿ ಕಿಂಗ್‌ಸ್ಟನ್ ಮಾರುಕಟ್ಟೆಗೆ ಹೋಗುತ್ತಿದ್ದೆ. ತಪ್ಪಿದ ಪಾಠದ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಶಾಲೆ ನಿನ್ನನ್ನು ಮರೆತೇಬಿಟ್ಟಿತು. ನನ್ನ ತರಗತಿಯಲ್ಲಿ ಹಾಗಾಗಬಾರದೆಂದು ನಾನೊಂದು ಕ್ರಮ ಮಾಡಿದೆ. ಗೈರಾದವರನ್ನು ಬೈಯುವುದಿಲ್ಲ, ಅವರಿಗಾಗಿ ಪಾಠವನ್ನು ಮತ್ತೆ ಹೇಳುವುದೂ ಇಲ್ಲ. ಬಂದಿದ್ದವರಿಂದ ಕೇಳಿ ಕಲಿತು, ಸೋಮವಾರ ಎಲ್ಲರ ಮುಂದೆ ಅವರೇ ಅದನ್ನು ಹೇಳಬೇಕು.

ಟಷೀನಾ ಮೊದಲ ಸಲ ನಿಂತಾಗ ಹಿಂದಿನ ಬೆಂಚಿನಿಂದ ಒಬ್ಬ, "ಸೊಪ್ಪಿನ ಮಿಸ್ ಬಂದ್ರು! ಕಟ್ಟು ಹೆಂಗಮ್ಮಾ?" ಎಂದ. "ನಿನ್ನಂಥ ಬಾಡಿದ್ದನ್ನ ನಾನು ಮಾರಲ್ಲ ಕಣೋ," ಎಂದು ಅವಳು ಪಾಠ ಶುರುಮಾಡಿದಳು. ಗೆಳತಿ ಕೆರಿಷಾಳ ಮನೆ ಜಗಲಿಯಲ್ಲಿ ಭಾನುವಾರ ಕೂತು ಕಲಿತದ್ದನ್ನು ನನಗಿಂತ ಚೆನ್ನಾಗಿ ಹೇಳಿದಳು.

ಆ ಸಂತೋಷದಲ್ಲೇ ನಿನ್ನ ಬಳಿ ಬಂದು, ದಿನಾ ಬರುವವರಿಗಿಂತ ನಿನ್ನ ಮಗಳೇ ಮೇಲು ಎಂದೆ. ನೀನು ದೀವಿಹಲಸು ಜೋಡಿಸುತ್ತಾ, "ಒಂದು ಭಾನುವಾರದಲ್ಲೇ ಎಲ್ಲಾ ಕಲೀತಾಳೆ ಅಂದ್ಮೇಲೆ ಮಿಕ್ಕ ದಿನ ಯಾಕೆ ಕಳಿಸ್ಲಿ ಮರ್ಲೀನ್, ಬೆಂಚು ಬೆಚ್ಚಗೆ ಮಾಡೋಕಾ?" ಎಂದೆ. ಇಬ್ಬರೂ ನಕ್ಕೆವು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ಆಮೇಲೆ ಗುರುವಾರವೂ ಅವಳ ಜಾಗ ಖಾಲಿಯಾಯಿತು. ಸೊಪ್ಪು ಕಿತ್ತು ಕಟ್ಟಬೇಕೆಂದು ಬುಧವಾರ ಹೋಯಿತು, ಮಂಗಳವಾರವೂ ಹೋಯಿತು. ಈಗ ಅವಳು ಬರುವುದು ಸೋಮವಾರ ಮಾತ್ರ, ತಾನು ಕೂರದ ತರಗತಿಯ ಪಾಠವನ್ನು ಒಪ್ಪಿಸಲು.

ಈ ಸೋಮವಾರ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುವ ಪ್ರಯೋಗದ ಬಗ್ಗೆ ಹೇಳಿದಳು. ಕೊನೆಯ ಒಂದು ಹನಿಗೆ ಸೀಸೆಯಲ್ಲಿದ್ದದ್ದೆಲ್ಲ ತಿಳಿ ಗುಲಾಬಿಯಾಗುತ್ತದೆ ಎಂದಾಗ ಅವಳ ಕಣ್ಣು ಹೊಳೆಯಿತು. ಆ ಹಿಂದಿನ ಬೆಂಚಿನ ಹುಡುಗ, "ನೀನ್ ನೋಡಿದ್ಯೇನೇ?" ಎಂದ. ಅವಳು ಸಲೀಸಾಗಿ, "ಕೆರಿಷಾ ನೋಡವ್ಳಲ್ಲ," ಎಂದಳು. ಯಾರೂ ನಗಲಿಲ್ಲ.

ಡಲ್ಸಿ, ಜೂನ್‌ನ ಪರೀಕ್ಷೆಯಲ್ಲಿ ಆ ಹನಿಯನ್ನು ಅವಳ ಕೈಯೇ ಬಿಡಬೇಕು. ಹನಿ ಬಿಡುವ ಗಾಜಿನ ನಳಿಕೆಯನ್ನು ಅವಳು ಮುಟ್ಟಿಯೇ ಇಲ್ಲ. ಹೀಗೇ ಹೋದರೆ ಅವಳು ಪಾಸಾಗುವುದಿಲ್ಲ. ನರ್ಸ್ ಆಗುವ ಅವಳ ಆಸೆ ಅಲ್ಲಿಗೇ ಮುಗಿಯುತ್ತದೆ.

ನಿನ್ನ ಸೊಂಟ ಮೂಟೆ ಎತ್ತಲಾರದೆಂದು ನನಗೆ ಗೊತ್ತು. ಆದರೆ ನಾನೇನು ಮಾಡಲಿ? ನನ್ನ ಕ್ರಮವನ್ನು ನಿಲ್ಲಿಸಿದರೆ ಉಳಿದ ಸೋಮವಾರವೂ ಹೋಗುತ್ತದೆ. ನಡೆಸಿದರೆ, ಬಾರದಿರುವುದು ಎಷ್ಟು ಸುಲಭವೆಂದು ನಾನೇ ತೋರಿಸಿಕೊಟ್ಟಂತೆ. ಭಾನುವಾರ ನಾನೇ ನಿಮ್ಮ ಮನೆಗೆ ಬಂದು ಕಲಿಸಲೇ ಎಂದೂ ಯೋಚಿಸಿದೆ. ಆಗ ಸೋಮವಾರ ಬರುವ ಅಗತ್ಯವೂ ಇರದು. ಜವಾಬ್ದಾರಿ ಎಂಬ ಹೆಸರಿನಲ್ಲಿ ನಾನು ಅವಳ ತಲೆಯ ಮೇಲೆ ಇನ್ನೊಂದು ಮೂಟೆ ಹೊರಿಸಿದೆನೇ? ಅವಳು ಅದನ್ನೂ ಗೊಣಗದೆ ಹೊತ್ತಳು.

ಪ್ರಯೋಗ ನಡೆಯುವ ಬುಧವಾರವೊಂದನ್ನಾದರೂ ನನಗೆ ಬಿಟ್ಟುಕೊಡು. ಬೇರೇನೂ ಕೇಳುವುದಿಲ್ಲ.

ನಿನ್ನ ಬೆಂಚಿನವಳು,
ಮರ್ಲೀನ್

ಮರೆತ ಮಾತಲ್ಲ, ಶುಕ್ರವಾರ ಸೇರಿಸಿದ್ದು: ಇವತ್ತು ಕೆರಿಷಾಳೂ ಬಂದಿಲ್ಲ. ನಿನ್ನೆ ಸಂಜೆ ನಿಮ್ಮ ಲಾರಿಯಲ್ಲೇ ಮಾರುಕಟ್ಟೆಗೆ ಹೋದಳಂತೆ. ವಿಚಾರಿಸಲು ಹೋದರೆ ಅವಳ ಅತ್ತೆ ನನಗೇ ಸಮಾಧಾನ ಹೇಳಿದರು: "ಯೋಚ್ನೆ ಮಾಡ್ಬೇಡಿ ಮಿಸ್, ತಪ್ಪಿದ್ದನ್ನೆಲ್ಲಾ ಭಾನುವಾರ ಟಷೀನಾ ಹೇಳಿಕೊಡ್ತಾಳಂತೆ."