ಚೀಟಿಯ ಮೇಲಿನ ಆರು ಅಂಕಿ

ಮಾರ್ಚ್ ೩, ಮಂಗಳವಾರ

ಒಂಬತ್ತಕ್ಕೆ ಶಟರ್ ಎತ್ತಿದೆ. ಮೆಷಿನ್ನಿನ ಕೆಳಗಿನ ಪುಡಿ ಗುಡಿಸಿದೆ. ನಿನ್ನೆ ತಮ್ಮ ಗುಡಿಸುತ್ತೇನೆ ಅಂದಿದ್ದ, ಗುಡಿಸಿರಲಿಲ್ಲ. ಹನ್ನೊಂದರೊಳಗೆ ಒಂಬತ್ತು ಕೀ. ಎಲ್ಲಕ್ಕೂ ಚೀಟಿ ಕಟ್ಟಿ ಕೌಂಟರಿನ ಮೇಲೆ ಸಾಲಾಗಿ ಇಟ್ಟೆ.

ಕೊನೆಯವರು ಒಬ್ಬ ನರ್ಸ್. ಮೂವತ್ತೈದು ಇರಬಹುದು. ಬೆಳಿಗ್ಗೆ ಬೇಗ ಹೋಗಿ ಅವರ ಬಾಗಿಲಿಗೆ ಹೊಸ ಬೀಗ ಕೂರಿಸಿ ಬಂದಿದ್ದೆ. ಎರಡನೇ ಕೀ ಒಯ್ಯಲು ಅಂಗಡಿಗೆ ಬಂದರು. ಬೇರೆ ಊರಿಂದ ಬಂದು ತಿಂಗಳಾಗಿದೆಯಂತೆ. ಬಾಗಿಲಿಗೆ ಬೆನ್ನು ಕೊಡದೆ ಓರೆಯಾಗಿ ನಿಂತರು. ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ಅಂಕಿ ಏನು ಅಕ್ಕಾ?"

ಹೇಳಿದೆ. ಆರು ಅಂಕಿ ಅಂದರೆ ಕೀಯ ಆರು ಹಲ್ಲಿನ ಆಳ. ಕೆಳಗಿರುವುದು ಬಾಗಿಲಿನ ವಿಳಾಸ — ಬೀದಿ, ಮನೆ ನಂಬರು, ಮಹಡಿ. ಹೆಸರು ಬರೆಯುವುದಿಲ್ಲ. ಚೀಟಿ ಗಿರಾಕಿಯದು, ಅದರ ನಕಲು ನಮ್ಮ ರಿಜಿಸ್ಟರಿನಲ್ಲಿ. ಕೀ ಕಳೆದರೆ ಬಂದು ಅಂಕಿ ಹೇಳಿದರೆ ಸಾಕು, ಹೊಸದು ಕೊರೆದು ಕೊಡುತ್ತೇವೆ. ಅಪ್ಪ ಹಾಕಿಕೊಟ್ಟ ಕ್ರಮ. ಯಾರು, ಯಾಕೆ ಅಂತ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅಂಕಿ ಗೊತ್ತಿದ್ದವರು ಮನೆಯವರೇ.

"ಒಳ್ಳೇದು" ಅಂದರು. ಒಳ್ಳೆಯದು ಅನ್ನಿಸಿದಂತೆ ಕಾಣಲಿಲ್ಲ.

ತಮ್ಮ ಫೋನು ಎತ್ತಿದ. "ಸಿಸ್ಟರ್, ಒಂದು ಫೋಟೋ? ನಮ್ಮ ಪೇಜಿಗೆ."

"ಬೇಡ." ಮುಖ ತಿರುಗಿಸಿಬಿಟ್ಟರು.

"ಹೋಗ್ಲಿ, ಫಾಲೋ ಆದ್ರೂ ಮಾಡಿ. ನಮ್ಮಕ್ಕ ಒಬ್ಳೇ ನನ್ನ ಪೇಜ್ ನೋಡದೇ ಇರೋಳು ಈ ಊರಲ್ಲಿ."

ನಕ್ಕರು. ಫೋನು ತೆಗೆದು ಒತ್ತಿದರು. ಅವರು ನಕ್ಕದ್ದು ಅದೊಂದೇ ಸಲ.

ಮಧ್ಯಾಹ್ನ ಅನುವಾದದ ಕಾದಂಬರಿ ನಲವತ್ತು ಪುಟ ಓದಿದೆ. ಅನುವಾದಕರು ಎಲ್ಲರ ಬಾಯಲ್ಲೂ "ನೀವು" ಅನ್ನಿಸಿದ್ದಾರೆ, ಗಂಡ ಹೆಂಡತಿ ಜಗಳದಲ್ಲೂ.

ಮಾರ್ಚ್ ೫, ಗುರುವಾರ

ಸ್ಟೀಲ್ ಕೀ ಮುಗಿದಿದೆ, ತರಿಸಬೇಕು. ಇವತ್ತಿನದೆಲ್ಲ ಹಿತ್ತಾಳೆಯಲ್ಲೇ ಕೊರೆದೆ.

ಮೂರು ಗಂಟೆಗೆ ಒಬ್ಬ ಗಂಡಸು. ಇಸ್ತ್ರಿ ಮಾಡಿದ ಶರ್ಟು, ಮೆತ್ತಗಿನ ಮಾತು. ಕೀ ಕಳೆದಿದೆ ಅಂದ. ಅಂಕಿ ಹೇಳಿದ — ಫೋನ್ ನೋಡಿಕೊಂಡು. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳುವವರು ಇದ್ದಾರೆ, ಜಾಣರು. ಐದು ನಿಮಿಷದ ಕೆಲಸ. ಅವನು ಮೆಷಿನ್ ನೋಡುತ್ತ ನಿಂತಿದ್ದ. "ಎಷ್ಟು ಸುಲಭ, ಅಲ್ವಾ" ಅಂದ. ಕಲಿಯಲು ಆರು ವರ್ಷ ಹಿಡಿಯಿತು ಅಂದೆ.

ತಮ್ಮ ಸಂಜೆ ಬಾಯಿ ಮುಚ್ಚಲಿಲ್ಲ. ಪೇಜಿಗೆ ನಾಲ್ಕು ಸಾವಿರ ಜನ ಆದರಂತೆ.

ಮಾರ್ಚ್ ೧೧, ಬುಧವಾರ

ನರ್ಸ್ ಬಂದರು. ಡ್ಯೂಟಿ ಮುಗಿಸಿ ಸೀದಾ ಇಲ್ಲಿಗೇ. ಕುಳಿತುಕೊಳ್ಳಿ ಅಂದರೂ ಕೂರಲಿಲ್ಲ.

"ಅಕ್ಕಾ, ಬೀಗ ತಾನಾಗೇ ತೆಗೆದುಕೊಳ್ಳುತ್ತಾ?"

"ನಾನು ಹಾಕಿದ್ದು ತೆಗೆದುಕೊಳ್ಳಲ್ಲ." ಸ್ವಲ್ಪ ಗಡಸಾಗಿಯೇ ಹೇಳಿದೆ. ನನ್ನ ಕೆಲಸಕ್ಕೇ ಕೊಂಕು ಅಂದಂತಾಯಿತು.

"ಹಾಗಲ್ಲ…" ನಿಲ್ಲಿಸಿದರು. ಮತ್ತೆ ಶುರುಮಾಡಿದರು. ಮನೆಯಲ್ಲಿ ಏನೋ ಸರಿಯಿಲ್ಲ. ಏನೂ ಕಳೆದಿಲ್ಲ. ಕುಡಿದು ಸಿಂಕಿನಲ್ಲಿ ಬಿಟ್ಟುಹೋದ ಕಪ್ಪು ವಾಪಸು ಬಂದರೆ ತೊಳೆದು ಬೋರಲು ಹಾಕಿರುತ್ತದೆ. ಕಿಟಕಿಯ ಪರದೆ ಪೂರ್ತಿ ಸರಿಸಿರುತ್ತದೆ. ಚಪ್ಪಲಿ ಜೋಡಿಸಿಟ್ಟಿರುತ್ತದೆ.

"ನೀವೇ ಮಾಡಿ ಮರೆತಿರಬಹುದು. ಪಾಳಿ ಕೆಲಸ, ನಿದ್ದೆ ಇರಲ್ಲ."

"ಡಾಕ್ಟರೂ ಅದೇ ಅಂದ್ರು. ನಿದ್ದೆ ಮಾತ್ರೆ ಬರೆದುಕೊಟ್ರು."

ಇನ್ನೊಂದು ಕೀ ಯಾರ ಬಳಿ ಇದೆ ಎಂದು ಕೇಳಿದೆ. ಯಾರ ಬಳಿಯೂ ಇಲ್ಲ. ಬ್ಯಾಗು ತೆರೆದು ಎರಡೂ ತೋರಿಸಿದರು. ಆಮೇಲೆ ಬೇರೆ ಯಾರದೋ ಕಥೆ ಹೇಳುವಂತೆ, ಕೌಂಟರ್ ನೋಡುತ್ತ: "ನನ್ನ ಗಂಡನಿಗೆ ಕಪ್ಪು ಸಿಂಕಲ್ಲಿದ್ರೆ ಆಗ್ತಿರಲಿಲ್ಲ. ಒಂದು ಸಲ ಅದಕ್ಕೇ ಕೈ ಮುರಿದಿದ್ರು. ಅವರಿಗೆ ನಾನಿರೋ ಊರೇ ಗೊತ್ತಿಲ್ಲ ಬಿಡಿ."

ಹೋದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಎರಡು ಕೀ ಹಾಳು ಮಾಡಿದೆ.

ಬೀಗ ಮುರಿದಿಲ್ಲ. ಕೀ ಎರಡೇ. ಅಂಕಿ ಇರುವುದು ಎರಡು ಕಡೆ — ಅವರ ಚೀಟಿಯಲ್ಲಿ, ನಮ್ಮ ರಿಜಿಸ್ಟರಿನಲ್ಲಿ. ರಿಜಿಸ್ಟರ್ ನೋಡುವವರು ಇಬ್ಬರು. ನಾನು ಒಬ್ಬಳು.

ಮಾರ್ಚ್ ೧೨, ಗುರುವಾರ

ತಮ್ಮನನ್ನು ಇಡೀ ದಿನ ಗಮನಿಸಿದೆ. ಬೇಕೆಂದೇ ರಿಜಿಸ್ಟರ್ ಮೇಜಿನ ಮೇಲೆ ಬಿಟ್ಟು ಒಳಗೆ ಹೋದೆ, ಬಾಗಿಲ ಸಂದಿಯಿಂದ ನೋಡಿದೆ. ಮುಟ್ಟಲಿಲ್ಲ. ಮುಟ್ಟದಿದ್ದುದೂ ಅನುಮಾನ ತಂದಿತು.

ಹತ್ತೂವರೆಯಿಂದ ಹನ್ನೆರಡರವರೆಗೆ "ಒಂದು ಬಾಗಿಲು ನೋಡ್ಕೊಂಡು ಬರ್ತೀನಿ" ಅಂತ ಹೋಗಿದ್ದ. ಯಾವ ಬಾಗಿಲು? ಬರೆದಿಟ್ಟಿಲ್ಲ. ಆ ಸಿಸ್ಟರ್ ಚೆನ್ನಾಗಿದ್ದಾರೆ, ಪಾಪ, ಒಬ್ಬರೇ ಇರುತ್ತಾರೆ ಅಂತ ಹೋದ ವಾರ ಎರಡು ಸಲ ಅಂದಿದ್ದಾನೆ. ಒಬ್ಬರೇ ಎಂದು ಇವನಿಗೆ ಹೇಗೆ ಗೊತ್ತು?

ಕೇಳಿಯೇಬಿಟ್ಟೆ.

"ಮನೇಲಿ ಎಷ್ಟು ಜನ, ಎಷ್ಟು ಕೀ ಬೇಕು ಅಂತ ಕೇಳೋದು ನಾನೇ ತಾನೇ" ಅಂದ. ಆಮೇಲೆ ನನ್ನ ಮುಖ ನೋಡಿದ. "ಅಕ್ಕಾ, ಏನು ಕೇಳ್ತಿದೀಯ ನೀನು?"

ಏನಿಲ್ಲ ಅಂದೆ.

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ನಲವತ್ತು ವರ್ಷದಿಂದ ನೋಡ್ತಿದೀನಿ ನಿನ್ನ."

ಊಟ ಬೇರೆ ಬೇರೆ ಮಾಡಿದೆವು. ಅವನು ಹೊರಗೆ ಮೆಟ್ಟಿಲ ಮೇಲೆ ಕೂತು.

ಮಾರ್ಚ್ ೧೩, ಶುಕ್ರವಾರ. ಮಧ್ಯಾಹ್ನ ೩

ಆದದ್ದನ್ನು ಆದಂತೆ ಬರೆಯಬೇಕು.

ರಾಜಿ ಮಾಡಿಕೊಳ್ಳಲೆಂದು ತಮ್ಮ ಫೋನು ಹಿಡಿದು ಬಂದ. "ನೋಡು, ನಿನ್ನ ಹೊಗಳಿದಾರೆ. ನನ್ನ ಯಾರೂ ಹೊಗಳಲ್ಲ." ಓದಿದ: "ಐದು ನಿಮಿಷದಲ್ಲಿ ಕೀ ಸಿಕ್ಕಿತು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಇಂಥ ಅಂಗಡಿ ಬೇಕು."

ಐದು ನಕ್ಷತ್ರ. ಬರೆದವರ ಫೋಟೋ ಇಲ್ಲ, ಹೆಸರಿನ ಜಾಗದಲ್ಲಿ ಏನೋ ಅಕ್ಷರಗಳು. ಬರೆದದ್ದು ಐದನೇ ತಾರೀಕು ಸಂಜೆ.

ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಇದರಲ್ಲಿ ಹೊಗಳುವುದೇನಿದೆ? ಪ್ರಶ್ನೆಗೆ ಹೆದರಿದ್ದವನು ಮಾತ್ರ ಹಾಗೆ ಬರೆದಾನು.

ಫೋನು ಕೊಡು ಅಂದೆ. ಪೇಜನ್ನು ಮೊದಲ ಸಲ ಪೂರ್ತಿ ನೋಡಿದೆ. ಮೂರನೇ ತಾರೀಕಿನ ಫೋಟೋ: "ಇವತ್ತು ಅಕ್ಕನ ಕೈಚಳಕ." ಒಂಬತ್ತು ಕೀ, ಸಾಲಾಗಿ, ಒಂಬತ್ತು ಚೀಟಿ. ಬೆರಳಿನಿಂದ ಹಿಗ್ಗಿಸಿದೆ. ನನ್ನದೇ ಅಕ್ಷರ. ದುಂಡಗೆ, ಅಪ್ಪ ತಿದ್ದಿಸಿದ್ದು, ಯಾರು ಬೇಕಾದರೂ ಓದಬಹುದು ಅನ್ನುವಂತೆ. ಒಂಬತ್ತರಲ್ಲಿ ಆರು ಸ್ಪಷ್ಟ. ಅದರಲ್ಲೊಂದು ನರ್ಸಿನದು. ಅಂಕಿ, ಬೀದಿ, ಮನೆ ನಂಬರು, ಮೂರನೇ ಮಹಡಿ.

"ಅವರ ಮುಖ ಎಲ್ಲಿದೆ ಇದರಲ್ಲಿ? ಬೇಡ ಅಂದ್ರು, ತೆಗೀಲಿಲ್ಲ. ಬರೀ ಕೀ ಅಲ್ವಾ ಇದು" ಅಂದ ತಮ್ಮ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ಚೀಟಿಯನ್ನು ಓದಬಹುದು ಎಂಬುದು ನನಗೂ ಹೊಳೆದಿರಲಿಲ್ಲ, ಫೋಟೋ ತೆಗೆಯುವಾಗ ನಾನು ಅಲ್ಲೇ ಇದ್ದೆ.

ಕೊರೆದ ಅಂಕಿಗಳನ್ನು ನಾನು ದಿನಾ ಬೇರೆ ಹಾಳೆಯಲ್ಲಿ ಗೀಚಿಡುತ್ತೇನೆ. ಐದನೇ ತಾರೀಕಿನದು ತೆಗೆದೆ. ಮೂರು ಗಂಟೆಯದು ನೋಡಿದೆ. ಪಕ್ಕದಲ್ಲಿ ರಿಜಿಸ್ಟರ್ ಇಟ್ಟೆ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟೆ.

ಅದೇ ಆರು.

ಕಳ್ಳ ಕೀ ಮಾಡಿಕೊಟ್ಟವಳು ನಾನು. ಎರಡು ದಿನ ತಮ್ಮನ ಬೆನ್ನು ಹತ್ತಿದ್ದೆ.

ಈಗಲೇ ಹೊರಡಬೇಕು. ಹೊಸ ಬೀಗ ತೆಗೆದಿಟ್ಟಿದ್ದೇನೆ.

ಅದೇ ದಿನ. ಸಂಜೆ ೬

ಮೂರನೇ ಮಹಡಿ. ಬಾಗಿಲು ತಟ್ಟಿದೆ. ಒಳಗೆ ಸದ್ದು ನಿಂತಿತು.

"ಯಾರು?"

"ಬೀಗದ ಅಂಗಡಿ ಅಕ್ಕ."

"ನಾನು ಕರೆದಿಲ್ಲವಲ್ಲ."

"ಗೊತ್ತು. ಬೀಗ ಬದಲಾಯಿಸಬೇಕು. ತಪ್ಪು ನನ್ನದು."

ಆಮೇಲೆ ಕುರ್ಚಿ ಎಳೆಯುವ ಸದ್ದು — ಬಾಗಿಲಿಗೆ ಅಡ್ಡ ಇಟ್ಟಿದ್ದರು.

ಮೊದಲು ಹಳೆಯದನ್ನು ಬಿಚ್ಚಿದೆ. ಒರೆಸುವ ಬಟ್ಟೆಯ ಮೇಲೆ ಕುಟ್ಟಿದೆ. ಹಳದಿ ಪುಡಿ ಬಿತ್ತು. ಇವರಿಗೆ ಕೊಟ್ಟದ್ದು ಎರಡೂ ಸ್ಟೀಲ್ ಕೀ. ಹಿತ್ತಾಳೆ ಕೀ ಈ ಬೀಗದೊಳಗೆ ಹೋಗಿ ಬಂದಿದೆ, ಒಂದೆರಡು ಸಲ ಅಲ್ಲ.

ತೋರಿಸಿದೆ. ಎಲ್ಲ ಹೇಳಿದೆ. ಫೋಟೋ, ಚೀಟಿ, ಇಸ್ತ್ರಿ ಶರ್ಟು, ಮೆತ್ತಗಿನ ಮಾತು. ಮೆತ್ತಗಿನ ಮಾತು ಅಂದಾಗ ಅವರು ಕಣ್ಣು ಮುಚ್ಚಿದರು.

ಬೈಯುತ್ತಾರೆ ಅಂದುಕೊಂಡಿದ್ದೆ. ನೆಲದ ಮೇಲೆ ಕೂತುಬಿಟ್ಟರು.

"ಹಾಗಾದ್ರೆ ಕಪ್ಪು ತೊಳೆದಿದ್ದು ನಾನಲ್ಲ."

"ಅಲ್ಲ."

"ನನಗೆ ತಲೆ ಕೆಟ್ಟಿಲ್ಲ."

"ಇಲ್ಲ."

ಅತ್ತರು. ನೆಮ್ಮದಿಯ ಅಳುವೋ ಹೆದರಿಕೆಯದೋ ತಿಳಿಯಲಿಲ್ಲ. ಎರಡೂ ಇರಬಹುದು. ನಾನು ಸ್ಕ್ರೂ ಬಿಗಿಯುತ್ತಿದ್ದೆ.

ನಮ್ಮ ಅಂಗಡಿ ಹೇಗೆ ಗೊತ್ತಾಯಿತು ಗಂಡನಿಗೆ? ನರ್ಸೇ ಯೋಚಿಸಿ ಹೇಳಿದರು. ಅಕೌಂಟಿನ ಹೆಸರು ಬದಲಾಯಿಸಿದ್ದರು, ಫೋಟೋ ತೆಗೆದುಹಾಕಿದ್ದರು. ಆದರೆ ಹಳೆಯ ಗೆಳತಿಯರು ಅದರಲ್ಲೇ ಇದ್ದರು, ಅವರಿಂದ ಅಕೌಂಟಿನ ಗುರುತು ಹಿಡಿದಿರಬೇಕು. "ನಾನು ಯಾರ ಪೋಸ್ಟ್ ಲೈಕ್ ಮಾಡಿದೆ, ಯಾರನ್ನ ಫಾಲೋ ಮಾಡಿದೆ, ಅದನ್ನೇ ನೋಡ್ತಾ ಕೂರೋ ಚಟ ಅವರಿಗೆ. ಮೂರನೇ ತಾರೀಕು ಹೊಸದಾಗಿ ಫಾಲೋ ಮಾಡಿದ್ದು ನಿಮ್ಮದೊಂದೇ."

ಬೀಗದ ಅಂಗಡಿ. ಅದೇ ದಿನದ ಫೋಟೋ. ಓದಬಲ್ಲ ವಿಳಾಸ ಆರು. ಆ ಆರರಲ್ಲಿ ಒಬ್ಬಂಟಿ ಹೆಂಗಸು ಎಲ್ಲಿದ್ದಾಳೆ ಎಂದು ಕೆಳಗೆ ನಿಂತು ನೋಡಲು ಎಷ್ಟು ಹೊತ್ತು ಬೇಕು.

ಹೊಸ ಕೀ ಎರಡು ಕೊಟ್ಟೆ. ಚೀಟಿ ಎಲ್ಲಿ ಅಂದರು. ಬರೆದಿಲ್ಲ ಅಂದೆ. ರಿಜಿಸ್ಟರಿನಲ್ಲೂ ಇಲ್ಲ. ಕಳೆದರೆ ಬೀಗ ಒಡೆಯಬೇಕಾಗುತ್ತದೆ, ಒಡೆಯೋಣ.

ಮಾರ್ಚ್ ೧೪, ಶನಿವಾರ

ನರ್ಸೂ ನಾನೂ ಪೊಲೀಸ್ ಸ್ಟೇಷನ್ನಿಗೆ. ಅಧಿಕಾರಿ ಒಳ್ಳೆಯವರೇ, ಆದರೆ ಬರೆದುಕೊಳ್ಳುವ ಪೆನ್ನು ಮುಚ್ಚಳದಲ್ಲೇ ಇತ್ತು.

"ಏನು ಕದ್ದಿದಾನೆ?"

"ಏನೂ ಇಲ್ಲ."

"ಬಂದು ಕಪ್ಪು ತೊಳೆದಿಟ್ಟು ಹೋಗಿದಾನೆ. ನಮ್ಮನೆಗೆ ಕಳಿಸಿ." ಪಕ್ಕದವನು ನಕ್ಕ. ನರ್ಸ್ ಎಡಗೈ ತೋಳು ಮೇಲೆ ಸರಿಸಿ ಮೇಜಿನ ಮೇಲೆ ಇಟ್ಟರು. ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ನಗು ನಿಂತಿತು. ಪೆನ್ನು ತೆರೆಯಿತು.

"ಕೀ ಮಾಡಿಕೊಟ್ಟವರು ಯಾರು?" ಎಂದು ನನ್ನನ್ನು. ನಾನೇ ಅಂದೆ. ಸಹಿ ಹಾಕಿದೆ. ಅವನು ಮತ್ತೆ ಕಂಡರೆ ಫೋನು ಮಾಡಿ ಎಂದು ಅಧಿಕಾರಿ ನಂಬರು ಕೊಟ್ಟರು.

ತಮ್ಮ ಫೋಟೋ ಅಳಿಸಿದ. ಅಷ್ಟರಲ್ಲಿ ಅದನ್ನು ಹತ್ತೊಂಬತ್ತು ಜನ ಹಂಚಿಕೊಂಡಿದ್ದರು. ಅವರು ಇಟ್ಟುಕೊಂಡಿರುವುದನ್ನು ಅಳಿಸಲಾಗುವುದಿಲ್ಲವಂತೆ. ಉಳಿದ ಐದು ಮನೆಗೂ ಅವನೂ ನಾನೂ ಹೋಗಿ ಬೀಗ ಬದಲಾಯಿಸಿದೆವು. ನಿವೃತ್ತ ಮೇಷ್ಟರೊಬ್ಬರು ಬೇಡವೇ ಬೇಡ ಅಂದರು: "ನಮ್ಮನೇಲಿ ಕದಿಯೋಕೆ ಏನಿದೆಯಮ್ಮ, ನನ್ನ ಕೆಮ್ಮಾ?" ಕೊನೆಗೆ ಒಪ್ಪಿದರು, ಟೀ ಕುಡಿಯಲೇಬೇಕು ಎಂಬ ಷರತ್ತಿನ ಮೇಲೆ.

ವಾಪಸು ಬರುತ್ತ ತಮ್ಮ ಕೇಳಿದ, "ನನ್ನ ಮೇಲೆ ಅನುಮಾನ ಬಂದಿತ್ತಾ?"

"ಹೂಂ."

"ಎಷ್ಟು ದಿನ?"

"ಎರಡು."

"ಎರಡೇನಾ." ಅಷ್ಟೇ ಅಂದ.

ಮಾರ್ಚ್ ೧೮, ಬುಧವಾರ. ಬೆಳಿಗ್ಗೆ ೧೧:೧೦

ಅವನು ಬಂದಿದ್ದಾನೆ.

ಇನ್ನೊಂದು ಇಸ್ತ್ರಿ ಶರ್ಟು. ಹಿತ್ತಾಳೆ ಕೀ ಕೌಂಟರಿನ ಮೇಲಿಟ್ಟ. "ಇದು ತಿರುಗ್ತಾ ಇಲ್ಲ ನೋಡಿ. ನಿಮ್ಮ ಕಡೆಯಿಂದಲೇ ಏನೋ ಎಡವಟ್ಟಾಗಿದೆ." ನಿನ್ನೆಯೋ ಇವತ್ತೋ ಹಾಕಿ ನೋಡಿದ್ದಾನೆ. ನರ್ಸ್ ಇವತ್ತು ಡ್ಯೂಟಿಯಲ್ಲಿದ್ದಾರೆ, ಆಸ್ಪತ್ರೆಯಲ್ಲಿ. ಒಳ್ಳೆಯದು.

ಹೊಸ ಸ್ಟೀಲ್ ಒಳಗಿದೆ, ತರುತ್ತೇನೆ ಅಂದೆ. ಒಳಗಿಂದ ಅಧಿಕಾರಿಗೆ ಫೋನು. ಹತ್ತು ನಿಮಿಷ ಹಿಡಿದಿಡಿ ಅಂದರು. ತಮ್ಮನಿಗೆ ಎರಡು ಪದದ ಮೆಸೇಜು.

ಈಗ ಹೊರಗೆ ಬಂದು ಕೂತಿದ್ದೇನೆ. ಸ್ಟೂಲು ಕೊಟ್ಟೆ, ಕೂತಿದ್ದಾನೆ. ಈ ಪುಸ್ತಕವನ್ನೇ ರಿಜಿಸ್ಟರ್ ಅಂತ ತೆರೆದಿಟ್ಟಿದ್ದೇನೆ. ಬರೆಯುತ್ತಿದ್ದಷ್ಟು ಹೊತ್ತು ಅವನು ಕಾಯುತ್ತಾನೆ.

"ಹೋದ ಸಲ ಇಷ್ಟೆಲ್ಲ ಬರೀಲಿಲ್ಲವಲ್ಲ ಮೇಡಂ."

"ಹೋದ ಸಲ ಕೇಳಬೇಕಾಗಿತ್ತು. ಕೇಳಲಿಲ್ಲ."

"ಬರೀ ಕೀ ಅಲ್ವಾ."

"ಕೀನೇ. ಯಾರ ಮನೆದು?"

"ನಮ್ಮನೇದೇ."

"ಮನೆ ಯಾರ ಹೆಸರಲ್ಲಿದೆ?"

"ನನ್ನ ಹೆಂಡತಿ ಹೆಸರಲ್ಲಿ."

"ಅವರು ಬರಲಿಲ್ವಾ?"

ನಕ್ಕ. "ಅವಳಿಗೆ ಮರೆವು ಜಾಸ್ತಿ. ಎಲ್ಲ ನಾನೇ ನೋಡ್ಕೋಬೇಕು."

೧೧:೧೭. ನಿಮ್ಮ ಹೆಸರು ಹೇಳಿ, ನಿಧಾನವಾಗಿ ಹೇಳಿ ಅಂದೆ. ಹೇಳುತ್ತಿಲ್ಲ. ಎದ್ದ. ಕೌಂಟರಿನ ಮೇಲೆ ಬಾಗಿ ಈ ಪುಟವನ್ನೇ ನೋಡುತ್ತಿದ್ದಾನೆ. ದುಂಡಗಿನ ಅಕ್ಷರ, ತಲೆಕೆಳಗಾದರೂ ಓದಬಹುದು. ಓದಲಿ. ಕೀ ವಾಪಸು ಕೊಡಿ ಅನ್ನುತ್ತಿದ್ದಾನೆ. ದನಿ ಈಗ ಮೆತ್ತಗಿಲ್ಲ. ಹೊರಗೆ ಗಾಡಿ ನಿಂತ ಸದ್ದು — ತಮ್ಮನದೋ ಪೊಲೀಸರದೋ. ಪುಸ್ತಕಕ್ಕೆ ಕೈ ಹಾಕಿದ್ದಾನೆ, ಕೀ ನನ್ನ ಎಡಗೈ ಮುಷ್ಟಿಯಲ್ಲಿದೆ, ಕೊಡುವುದಿ—